ಗುಳ್ಳ ನೆಡಲು ಯಾವ ಮಣ್ಣು? ರೆಡಿ ಮಿಕ್ಸ್, ಕೆಂಪು ಮಣ್ಣು, ಸುಡುಮಣ್ಣು ಮೂರನ್ನೂ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸುಡುಮಣ್ಣಿಗೆ, ಅಂದರೆ ತರಗೆಲೆಯ ಜೊತೆ ರಾಶಿ ಹಾಕಿ ಸುಟ್ಟ ಮಣ್ಣಿಗೆ. ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಯಾರಾದರೂ ನನಗೆ ಇದನ್ನು ಹೇಳಿದ್ದರೆ 3,400 ರೂಪಾಯಿ ಉಳಿಯುತ್ತಿತ್ತು. ಏಳು ಗುಳ್ಳದ (ನಮ್ಮ ಕರಾವಳಿಯ ಗುಂಡು ಬದನೆಯ) ಗಿಡಗಳೂ ಉಳಿಯುತ್ತಿದ್ದವು. ದುಡ್ಡಿಗಿಂತ ಆ ಗಿಡಗಳದ್ದೇ ಬೇಜಾರು. ಬೀಜದಿಂದ ಎಬ್ಬಿಸಿದ್ದು, ದಿನಾ ನೋಡಿದ್ದು.

ನಮ್ಮದು ಮಂಗಳೂರಿನ ಕಾವೂರಿನಲ್ಲಿ ಮೂರನೇ ಮಾಳಿಗೆಯ ಫ್ಲ್ಯಾಟ್. ಟೆರೇಸಿನ ಒಂದು ಮೂಲೆಯಲ್ಲಿ ಗಿಡ ಇಡಲು ಒಪ್ಪಿಗೆ ಸಿಕ್ಕಿತು. ರಾಸಾಯನಿಕ ಗೊಬ್ಬರ ಹಾಕದೆ ಮನೆಯ ಖರ್ಚಿಗೆ ಬೇಕಾದಷ್ಟು ತರಕಾರಿ ಬೆಳೆಯಬೇಕು ಅಂತ ತುಂಬಾ ದಿನದ ಆಸೆ. ಕಟಪಾಡಿಯಲ್ಲಿರುವ ಸೋದರತ್ತೆ ಮಟ್ಟು ಗುಳ್ಳದ ಬೀಜ ಕೊಟ್ಟರು. ಮಟ್ಟು ಊರು ಅವರ ಮನೆಗೆ ಹತ್ತಿರವೇ. ಸೋದೆ ಮಠದ ಯತಿ ವಾದಿರಾಜರು ಕೊಟ್ಟ ಬೀಜ ಅಂತ ಜನ ನಂಬುವ, ಈಗ ಜಿಐ ಟ್ಯಾಗ್ (ಆ ಊರಿನದೇ ವಿಶೇಷ ಬೆಳೆ ಎಂಬ ಸರ್ಕಾರಿ ಗುರುತು) ಕೂಡ ಇರುವ ಬದನೆ ಅದು. ಸಮುದ್ರದ ಬದಿಯ ಆ ಗದ್ದೆಯ ರುಚಿ ನಮ್ಮ ಟೆರೇಸಿನಲ್ಲಿ ಬರುವುದಿಲ್ಲ, ಅದು ಗೊತ್ತಿದ್ದೇ ನೆಟ್ಟೆ. ಆದರೂ ಬೋಳುಹುಳಿ (ತೆಂಗಿನಕಾಯಿ ಹಾಕದ ಹುಳಿ) ಮಾಡಿದರೆ ಪೇಟೆಯ ಬದನೆಗಿಂತ ಎಷ್ಟೋ ಮೇಲು.

ಶುರುವಿನಲ್ಲಿ ನಾನು ಕೊಂಡದ್ದು ರೆಡಿ ಪಾಟಿಂಗ್ ಮಿಕ್ಸ್. ಹನ್ನೆರಡು ಗ್ರೋಬ್ಯಾಗ್, ಹನ್ನೆರಡಕ್ಕೂ ಅದೇ. ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಚೀಲ. ಪ್ಯಾಕೆಟ್ಟಿನ ಮೇಲೆ ಎರೆಗೊಬ್ಬರ, ಬೇವಿನ ಹಿಂಡಿ ಅಂತೆಲ್ಲ ಬರೆದಿತ್ತು. ಕೈಗೆ ತೆಗೆದುಕೊಂಡು ನೋಡಿದರೆ ಮುಕ್ಕಾಲು ಪಾಲು ಕೊಕೊಪೀಟ್, ಅಂದರೆ ತೆಂಗಿನ ಸಿಪ್ಪೆಯ ಪುಡಿ. ಹಗುರ, ಸ್ವಚ್ಛ, ಕೈಗೆ ಅಂಟುವುದಿಲ್ಲ. ಲಿಫ್ಟ್ ಇಲ್ಲದ ಕಟ್ಟಡಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ಅನ್ನಿಸಿತು.

ಹತ್ತು ದಿನ ಗಿಡಗಳು ಚೆನ್ನಾಗಿಯೇ ಇದ್ದವು. ಆಮೇಲೆ ಒಂದೊಂದಾಗಿ ಮಧ್ಯಾಹ್ನದ ಹೊತ್ತಿಗೆ ಎಲೆ ಜೋತು ಹಾಕತೊಡಗಿದವು. ಮಳೆ ಬಿಟ್ಟು ಬಿಸಿಲು ಏರಿದ ದಿನಗಳು. ಚೀಲದ ಮೇಲ್ಭಾಗ ನೋಡಿದರೆ ಒಣಗಿ ಬಿಳಿಚಿಕೊಂಡಿದೆ. ಬಾಯಾರಿರಬೇಕು ಅಂತ ನೀರು ಹಾಕಿದೆ. ಸಂಜೆಗೆ ಸ್ವಲ್ಪ ಎದ್ದು ನಿಂತ ಹಾಗೆ ಕಂಡಿತು. ಮರುದಿನ ಮತ್ತೆ ಜೋತು. ಮತ್ತೆ ನೀರು. ಬೆಳಿಗ್ಗೆ ಎರಡು ಚೊಂಬು, ಸಂಜೆ ಎರಡು ಚೊಂಬು. ಕೆಳಗಿನ ಎಲೆಗಳು ಹಳದಿಯಾದವು. ಗೊಬ್ಬರ ಕಡಿಮೆಯಾಯಿತೇನೋ ಅಂತ ನೆಲಗಡಲೆ ಹಿಂಡಿ ನೆನೆಸಿದ ನೀರನ್ನೂ ಹಾಕಿದೆ. ಅಲ್ಲಿಗೆ ಮೂರು ಗಿಡ ಪೂರ್ತಿ ಹೋದವು.

ನವರಾತ್ರಿಗೆ ಅತ್ತೆ ಮನೆಗೆ ಬಂದವರು ಟೆರೇಸಿಗೆ ಹತ್ತಿದರು. ಏನೂ ಮಾತಾಡಲಿಲ್ಲ. ಬಾಡಿದ ಒಂದು ಗಿಡದ ಚೀಲವನ್ನು ಅಡ್ಡ ಮಲಗಿಸಿ, ಬುಡ ಹಿಡಿದು ಮೆಲ್ಲ ಎಳೆದರು. ಮೇಲಿನ ಎರಡು ಇಂಚು ಒಣ ಪುಡಿ. ಅದರ ಕೆಳಗೆ ಒದ್ದೆ. ಇನ್ನೂ ಕೆಳಗೆ ಹಿಂಡಿದರೆ ನೀರು ಇಳಿಯುವಷ್ಟು ಒದ್ದೆ, ಗಟಾರದ ವಾಸನೆ. ಅತ್ತೆ ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಕಂದು ಬಣ್ಣದ ಸಿಪ್ಪೆ ಕಳಚಿ ಅವರ ಕೈಯಲ್ಲೇ ಉಳಿಯಿತು, ಒಳಗಿಂದ ನೂಲಿನಂಥ ಎಳೆ ಮಾತ್ರ ಬಂತು. "ನೀರು ಜಾಸ್ತಿ ಆದದ್ದು ಮಗ, ಕಡಿಮೆ ಆದದ್ದಲ್ಲ" ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮೊದಲ ಸಲ ಗಿಡ ನೆಡುವ ಎಲ್ಲರೂ ಜಾರುವ ಜಾಗ ಇದು. ಕೊಕೊಪೀಟ್ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುತ್ತದೆ. ಬಿಸಿಲಿಗೆ ಮೇಲಿನ ಪದರ ಬೇಗ ಒಣಗುತ್ತದೆ, ಬಣ್ಣವೂ ಬದಲಾಗುತ್ತದೆ. ಕೆಳಗಿನದು ಅಷ್ಟು ಬೇಗ ಒಣಗುವುದಿಲ್ಲ. ನುಣ್ಣಗಿನ ಪುಡಿ ಆದಷ್ಟೂ ಚೀಲದ ತಳದಲ್ಲಿ ನೀರು ನಿಲ್ಲುವುದು ಜಾಸ್ತಿ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಗಾಳಿ ಸಿಗದೆ ಬೇರು ಕೊಳೆತರೆ ಅದು ನೀರನ್ನು ಎಳೆಯಲಾರದು. ಹಾಗಾಗಿ ನೀರಿನ ಮಧ್ಯದಲ್ಲೇ ನಿಂತ ಗಿಡ ಬಾಯಾರಿದ ಗಿಡದ ಹಾಗೆಯೇ ಬಾಡುತ್ತದೆ. ಎಲೆ ನೋಡಿ ವ್ಯತ್ಯಾಸ ಗೊತ್ತಾಗುವುದಿಲ್ಲ. ನೀರು ಹಾಕಿದಷ್ಟೂ ಗಿಡವನ್ನು ಕೊಲ್ಲುತ್ತಾ ಹೋಗುತ್ತೇವೆ.

ಸರಿ, ನೀರು ಕಡಿಮೆ ಮಾಡಿದೆ. ಆಗ ಇನ್ನೊಂದು ತಾಪತ್ರಯ. ನಾಲ್ಕು ದಿನ ಮನೆಯಲ್ಲಿ ಇರಲಿಲ್ಲ. ಬಂದು ನೋಡಿದರೆ ಮಿಕ್ಸ್ ಕುಗ್ಗಿ ಚೀಲದ ಅಂಚಿನಿಂದ ಬಿಟ್ಟುಕೊಂಡಿತ್ತು, ಸುತ್ತಲೂ ಬೆರಳು ತೂರುವಷ್ಟು ಸಂದು. ನೀರು ಹಾಕಿದರೆ ಆ ಸಂದಿನಿಂದ ನೇರ ಕೆಳಗಿಳಿದು ತೂತಿನಿಂದ ಹೊರಗೆ. ಬೇರಿನ ಉಂಡೆ ಒಣಗಿದ ಹಾಗೆಯೇ ಇತ್ತು. ಚೀಲವನ್ನು ಬಕೆಟ್ಟಿನ ನೀರಿನಲ್ಲಿ ಅರ್ಧ ಗಂಟೆ ಕೂರಿಸಿದ ಮೇಲೆ ಸರಿಯಾಯಿತು. ಒಂದು ಚೀಲಕ್ಕಾದರೆ ಪರವಾಗಿಲ್ಲ, ಎಲ್ಲ ಚೀಲಕ್ಕೂ ಹೀಗೆ ಮಾಡುವುದು ಆಗುವ ಕೆಲಸವಾ? ಅಷ್ಟು ಹೊತ್ತಿಗೆ ಏಳು ಗಿಡ ಹೋಗಿದ್ದವು, ಐದು ಉಳಿದಿದ್ದವು.

ಖಾಲಿಯಾದ ಏಳು ಚೀಲಗಳಲ್ಲಿ ನವೆಂಬರಿನಲ್ಲಿ ನಿಜವಾದ ಹೋಲಿಕೆ ಶುರು ಮಾಡಿದೆ. ಮೂರಕ್ಕೆ ಕೆಂಪು ಮಣ್ಣು ಮತ್ತು ಹಟ್ಟಿಗೊಬ್ಬರ. ನಾಲ್ಕಕ್ಕೆ ಅತ್ತೆಯ ಸುಡುಮಣ್ಣು. ಉಳಿದ ಐದು ರೆಡಿ ಮಿಕ್ಸ್ ಚೀಲಗಳು ಪಕ್ಕದಲ್ಲೇ ಇದ್ದವು.

ಕೆಂಪು ಮಣ್ಣಿನ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಮನೆ ಕಟ್ಟುವ ಜಾಗದಿಂದ ಬಿಟ್ಟಿಯಾಗಿ ಸಿಕ್ಕಿತು. ನಮ್ಮ ಕಡೆಯದು ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣು, ಹುಳಿ ಅಂದರೆ ಆಮ್ಲ ಜಾಸ್ತಿ. ಅದಕ್ಕೆ ಗೊಬ್ಬರ ಸೇರಿಸುವ ಹದಿನೈದು ದಿನ ಮೊದಲೇ ಚೀಲಕ್ಕೆ ಎರಡು ಚಮಚ ಚಿಪ್ಪಿನ ಸುಣ್ಣ ಬೆರೆಸಿಟ್ಟೆ. ಸುಣ್ಣ, ಗೊಬ್ಬರ ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಇಷ್ಟೆಲ್ಲ ಮಾಡಿದರೂ ಒಂದು ತಿಂಗಳಲ್ಲಿ ಮಣ್ಣು ಗಟ್ಟಿಯಾಯಿತು. ನೀರು ಮೇಲೆ ಕೆರೆಯ ಹಾಗೆ ನಿಲ್ಲುತ್ತಿತ್ತು, ಬೆರಳು ಇಳಿಯುತ್ತಿರಲಿಲ್ಲ. ಗಿಡ ಸಾಯಲಿಲ್ಲ, ಬೆಳೆಯಲೂ ಇಲ್ಲ. ಜೊತೆಗೆ ಭಾರ. ಒದ್ದೆಯಾದ ಒಂದು ಚೀಲವನ್ನು ಸರಿಸಲು ಇಬ್ಬರು ಬೇಕು. ನೆಲದಲ್ಲಿ ಜಾಗ ಇರುವವರಿಗೆ ಇದು ಸಾಕು, ಚೀಲಕ್ಕೆ ಬೇಡ.

ಇನ್ನು ಸುಡುಮಣ್ಣು. ಕರಾವಳಿಯ ಹಳ್ಳಿ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸುವುದು ಬೇಡ. ಬೇಸಿಗೆಯಲ್ಲಿ ತೋಟದ ಬದಿಯಲ್ಲಿ ತರಗೆಲೆ, ಕಸಕಡ್ಡಿ ಹರಡಿ, ಮೇಲೆ ಮಣ್ಣು ಹಾಕಿ, ಮತ್ತೆ ತರಗೆಲೆ, ಮತ್ತೆ ಮಣ್ಣು ಹೀಗೆ ರಾಶಿ ಮಾಡಿ ಬೆಂಕಿ ಕೊಡುತ್ತಾರೆ. ಉರಿ ಏಳಬಾರದು. ಒಳಗೊಳಗೇ ಹೊಗೆಯಾಡುತ್ತಾ ಎರಡು ಮೂರು ದಿನ ಬೇಯಬೇಕು. ಆ ಶಾಖಕ್ಕೆ ಕಳೆಯ ಬೀಜ, ಹುಳದ ಮೊಟ್ಟೆ ಎಲ್ಲ ಸಾಯುತ್ತದೆ. ಮಣ್ಣು ಪುಡಿಪುಡಿಯಾಗುತ್ತದೆ, ಕೈಯಲ್ಲಿ ಹಿಡಿದರೆ ರವೆಯ ಹಾಗೆ ಜಾರುತ್ತದೆ. ಬೂದಿ ಸೇರಿರುವುದರಿಂದ ಪೊಟ್ಯಾಶ್ ಸಿಗುತ್ತದೆ, ಹುಳಿಯೂ ಇಳಿಯುತ್ತದೆ. ಹಾಗಾಗಿ ಸುಣ್ಣದ ಕೆಲಸ ಇಲ್ಲ. ಆದರೆ ಸುಡುವಾಗ ಸಾರಜನಕ ಮತ್ತು ಮಣ್ಣಿನ ಸಾವಯವ ಅಂಶ ಹೋಗುತ್ತದೆ. ಅದಕ್ಕೇ ಸುಡುಮಣ್ಣನ್ನು ಒಂದನ್ನೇ ಹಾಕಬಾರದು, ಹಟ್ಟಿಗೊಬ್ಬರ ಸೇರಿಸಲೇಬೇಕು.

ಅತ್ತೆಯ ಲೆಕ್ಕ ಹೀಗೆ: ಮೂರು ಬುಟ್ಟಿ ಸುಡುಮಣ್ಣಿಗೆ ಎರಡು ಬುಟ್ಟಿ ಹಳೆಯ ಹಟ್ಟಿಗೊಬ್ಬರ, ಒಂದು ಬುಟ್ಟಿ ಹೊಳೆ ಹೊಯಿಗೆ (ಮರಳು). ಹೊಯಿಗೆ ಬದಲು ನಾನು ಒಂದು ಬುಟ್ಟಿ ಕೊಕೊಪೀಟ್ ಹಾಕಿದೆ, ಚೀಲ ಸ್ವಲ್ಪ ಹಗುರವಾಗಲಿ ಅಂತ. ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಗೊಬ್ಬರ ಮಾತ್ರ ಹಳೆಯದೇ ಆಗಬೇಕು. ಹಸಿ ಸೆಗಣಿಯ ಬಿಸಿಗೆ ಸಸಿ ಸುಟ್ಟುಹೋಗುತ್ತದೆ. ಕೈಗೆ ಎತ್ತಿಕೊಂಡರೆ ಸೆಗಣಿಯ ವಾಸನೆ ಇರಬಾರದು, ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು.

ಈ ನಾಲ್ಕು ಚೀಲಗಳಲ್ಲಿ ನೀರು ಹಾಕಿದ ಕೂಡಲೇ ಇಂಗುತ್ತಿತ್ತು, ಹೆಚ್ಚಾದದ್ದು ಕೆಳಗಿಳಿಯುತ್ತಿತ್ತು. ಮೇಲೆ ಒಣಗಿದರೆ ಒಳಗೂ ಹೆಚ್ಚುಕಮ್ಮಿ ಒಣಗಿದೆ ಅಂತಲೇ ಅರ್ಥ. ಹೊಸಬರಿಗೆ ಇದೊಂದೇ ಸಾಕು ಅಲ್ವಾ? ಮಣ್ಣು ಸುಳ್ಳು ಹೇಳುವುದಿಲ್ಲ. ಜನವರಿ ಕೊನೆಗೆ ನಾಲ್ಕೂ ಗಿಡ ಕಾಯಿ ಬಿಟ್ಟವು. ತಿಳಿ ಹಸಿರಿನ ಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು. ಕೊಯ್ಯುವಾಗ ಬೆರಳಿಗೆ ಚುಚ್ಚಿದ್ದೂ ಖುಷಿಯೇ. ಪಕ್ಕದ ರೆಡಿ ಮಿಕ್ಸಿನ ಐದು ಗಿಡ ಎರಡು ತಿಂಗಳು ಮೊದಲೇ ನೆಟ್ಟವು. ಆದರೂ ಎಲ್ಲ ಸೇರಿ ಕೊಟ್ಟದ್ದು ಒಂಬತ್ತು ಕಾಯಿ. ಕೊಕೊಪೀಟಿನಲ್ಲಿ ಸ್ವಂತ ಸಾರ ಏನೂ ಇಲ್ಲ, ವಾರವಾರ ನಾವೇ ಉಣಿಸಬೇಕು. ಸಣ್ಣ ಲೆಕ್ಕದಲ್ಲಿ ಜೀವಾಮೃತ ಮಾಡಿ ಹಾಕಿದೆ. 10 ಲೀಟರ್ ನೀರಿಗೆ ಅರ್ಧ ಕಿಲೋ ಸೆಗಣಿ, ಅರ್ಧ ಲೀಟರ್ ಗೋಮೂತ್ರ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆ ಹಿಟ್ಟು, ಒಂದು ಹಿಡಿ ಮಣ್ಣು. ಕೆಲಸ ಮಾಡುತ್ತದೆ, ಆದರೆ ಫ್ಲ್ಯಾಟಿನಲ್ಲಿ ವಾಸನೆಯ ಸಮಸ್ಯೆ.

ಸಸಿ ನೆಡುವುದರಲ್ಲೂ ಎರಡು ದಾರಿ ನೋಡಿದೆ. ಒಂದು, ಪ್ಲಾಸ್ಟಿಕ್ ಟ್ರೇಯಲ್ಲಿ ಕೊಕೊಪೀಟ್ ತುಂಬಿ ಎಬ್ಬಿಸಿದ ಸಸಿ. ಇನ್ನೊಂದು, ಗೆರಟೆಯಲ್ಲಿ (ತೆಂಗಿನ ಚಿಪ್ಪಿನಲ್ಲಿ) ಎಬ್ಬಿಸಿದ್ದು. ಬೀಜ ಮೊಳೆಯಲು ಕೊಕೊಪೀಟ್ ತುಂಬಾ ಒಳ್ಳೆಯದು, ಅದನ್ನು ಒಪ್ಪಬೇಕು. ಐದಾರು ದಿನದಲ್ಲಿ ಎಲ್ಲವೂ ಎದ್ದವು. ಕಷ್ಟ ಶುರುವಾಗುವುದು ಅದನ್ನು ಬೇರೆ ಮಣ್ಣಿಗೆ ನೆಟ್ಟಾಗ. ಸುತ್ತಲಿನ ಮಣ್ಣು ಆ ಸಣ್ಣ ಉಂಡೆಯ ನೀರನ್ನು ಎಳೆದುಕೊಳ್ಳುತ್ತದೆ, ಚೀಲ ಒದ್ದೆ ಇದ್ದರೂ ಬೇರಿನ ಉಂಡೆ ಒಣಗುತ್ತದೆ. ಮೊದಲ ವಾರ ಬುಡಕ್ಕೇ ಗುರಿಯಿಟ್ಟು ನೀರು ಹಾಕಬೇಕಾಯಿತು.

ಗೆರಟೆಯದ್ದು ಸುಲಭ. ಕಣ್ಣಿರುವ ಅರ್ಧವನ್ನೇ ತೆಗೆದುಕೊಳ್ಳಬೇಕು. ಮೂರು ಕಣ್ಣಿನಲ್ಲಿ ಒಂದು ಮೆತ್ತಗಿರುತ್ತದೆ, ಅದನ್ನು ಮೊಳೆಯಿಂದ ಚುಚ್ಚಿದರೆ ನೀರು ಇಳಿಯುವ ತೂತು ಆಯಿತು. ಒಳಗೆ ಅದೇ ಸುಡುಮಣ್ಣಿನ ಮಿಶ್ರಣ. 25ರಿಂದ 30 ದಿನಕ್ಕೆ ನಾಲ್ಕೈದು ಎಲೆ ಬರುತ್ತದೆ. ನೆಡುವ ಒಂದು ಗಂಟೆ ಮೊದಲು ನೀರು ಹಾಕಿ, ಗೆರಟೆಯನ್ನು ಅಂಗೈ ಮೇಲೆ ಕವುಚಿ ಮೆಲ್ಲ ತಟ್ಟಿದರೆ ಸಸಿ ಮಣ್ಣಿನ ಸಮೇತ ಇಡ್ಲಿಯ ಹಾಗೆ ಬಿಟ್ಟು ಬರುತ್ತದೆ. ಬೇರಿಗೆ ಗೊತ್ತೇ ಆಗುವುದಿಲ್ಲ. ಒಳಗಿನ ಮಣ್ಣು, ಚೀಲದ ಮಣ್ಣು ಒಂದೇ ಆದ್ದರಿಂದ ನೀರಿನ ಎಳೆದಾಟವೂ ಇಲ್ಲ. ನೆಡುವುದು ಬಿಸಿಲು ಇಳಿದ ಮೇಲೆ, ಸಂಜೆ ಐದರ ನಂತರ. ಮೂರು ನಾಲ್ಕು ದಿನ ಪಶ್ಚಿಮದ ಬಿಸಿಲಿಗೆ ಅಡಿಕೆ ಹಾಳೆಯ ತುಂಡೊಂದನ್ನು ಅಡ್ಡ ಚುಚ್ಚಿಡಬೇಕು.

ನೀರು ಹಾಕುವ ಸಾಧನದ ಬಗ್ಗೆ ಒಂದೇ ಮಾತು. ಪೈಪ್ ಬೇಡ, ಬುಡದ ಮಣ್ಣು ಕೊಚ್ಚಿಹೋಗುತ್ತದೆ. ಡ್ರಿಪ್ ಕಿಟ್ಟಿನ ತೂತು ತಿಂಗಳೊಳಗೆ ಕಟ್ಟಿತು. ಸಣ್ಣ ತೂತಿನ ಬಾಯಿ ಇರುವ ಕ್ಯಾನ್ ಒಳ್ಳೆಯದು. ಅದಕ್ಕಿಂತ ಮುಖ್ಯ ಬೆರಳು. ತೋರುಬೆರಳನ್ನು ಎರಡು ಗೆಣ್ಣು ಇಳಿಸಿ ನೋಡಿ, ತಂಪಿದ್ದರೆ ಅಂದು ನೀರು ಬೇಡ. ಏಪ್ರಿಲ್, ಮೇಯಲ್ಲಿ ಮಾತ್ರ ದಿನಾ ಬೇಕಾಯಿತು. ಮಂಗಳೂರಿಗೆ ನೀರು ಕೊಡುವ ತುಂಬೆ ಡ್ಯಾಮಿನಲ್ಲಿ ನೀರು ಇಳಿದು 2019ರಲ್ಲಿ ಊರಿಗೆ ರೇಷನಿಂಗ್ ಬಂದದ್ದು ನೆನಪಿದೆ. ಅದಕ್ಕೇ ಚೀಲದ ಮೇಲೆ ಎರಡು ಇಂಚು ತರಗೆಲೆ ಹೊದಿಸಿ ನೀರು ಉಳಿಸಿದೆ. ಕಡಲ ಬದಿಯ ಬಾವಿ ನೀರು ಬಳಸುವವರು ಬೇಸಿಗೆಯಲ್ಲಿ ಒಮ್ಮೆ ನಾಲಿಗೆಗೆ ಮುಟ್ಟಿಸಿ ನೋಡಿ. ಉಪ್ಪಿದ್ದರೆ ಸಸಿಗೆ ಹಾಕಬೇಡಿ.

ಮಳೆಗಾಲಕ್ಕೆ ಮೂರೂ ಸೋತವು. ಜೂನಿನ ಮಳೆಗೆ ತೆರೆದ ಟೆರೇಸಿನಲ್ಲಿ ಗುಳ್ಳ ನಿಲ್ಲುವುದಿಲ್ಲ. ಬಸಳೆ ಮಾತ್ರ ನಿಂತಿತು.

ನಾನು ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ವಾಪಸ್ ಬರುವುದು ಸಂಜೆ ಏಳಕ್ಕೆ. ದಿನಾ ಗಿಡದ ಹತ್ತಿರ ಕೂರಲು ಆಗದವಳಿಗೆ, ನೀರು ಒಂದು ದಿನ ಹೆಚ್ಚಾದರೂ ಕಡಿಮೆಯಾದರೂ ತಡೆದುಕೊಳ್ಳುವ ಮಣ್ಣೇ ಬೇಕು. ಈ ವರ್ಷ ಹನ್ನೆರಡು ಚೀಲಕ್ಕೂ ಸುಡುಮಣ್ಣಿನ ಮಿಶ್ರಣವೇ. ಸುಡುಮಣ್ಣಿಗೆ ಅತ್ತೆ ದುಡ್ಡು ತೆಗೆದುಕೊಳ್ಳಲಿಲ್ಲ. ಗೊಬ್ಬರ, ಹಿಂಡಿ, ಗೂಡ್ಸ್ ಆಟೋದ ಬಾಡಿಗೆ ಸೇರಿ 1,150 ರೂಪಾಯಿ ಆಯಿತು. ಮೂರು ಮಾಳಿಗೆ ಹೊತ್ತು ತರಲು ಒಂದು ಭಾನುವಾರ ಪೂರ್ತಿ ಹೋಯಿತು. ಹಳ್ಳಿಯ ನೆಂಟಸ್ತಿಕೆ ಇಲ್ಲದವರು, ಸ್ಲ್ಯಾಬಿನ ಮೇಲೆ ಭಾರ ಹಾಕುವಂತಿಲ್ಲದವರು ರೆಡಿ ಮಿಕ್ಸನ್ನೇ ತೆಗೆದುಕೊಳ್ಳಬಹುದು. ಆದರೆ ಅದಕ್ಕೆ ಮೂರನೇ ಒಂದು ಪಾಲು ಮಣ್ಣು ಸೇರಿಸಿ, ಚೀಲದ ತಳದಲ್ಲಿ ಇನ್ನೂ ಏಳೆಂಟು ತೂತು ಮಾಡಿ.

ನನ್ನ ಹಳೆಯ ರೆಡಿ ಮಿಕ್ಸ್ ಎಸೆಯಲಿಲ್ಲ. ಬಿಸಿಲಿಗೆ ಹರಡಿ ಒಣಗಿಸಿ ಗೋಣಿಯಲ್ಲಿ ಕಟ್ಟಿಟ್ಟಿದ್ದೇನೆ. ಅದರಲ್ಲಿ ಈಗ ಹರಿವೆ ಬೀಜ ಮೊಳೆಯುತ್ತಿದೆ.