‘ಬಿಚ್ಚಿದರೆ ವಾರಂಟಿ ಇಲ್ಲ’ ಅನ್ನುವ ಎಂಜಿನ್ ತರುವ ಮುಂಚೆ ಇದನ್ನು ಓದಿ

ಮನೆಯಲ್ಲೇ ಪರ್ಫಾರ್ಮೆನ್ಸ್ ಎಂಜಿನ್ ಕಟ್ಟಿ ಕಾರಿಗೆ ಕೂರಿಸಲು ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ. ಒಳಗಿನ ಭಾಗಗಳನ್ನೆಲ್ಲ ಜೋಡಿಸಿ, ಬೋಲ್ಟ್ ತಲೆಗಳ ಮೇಲೆ ಬಣ್ಣದ ಗೀಟೆಳೆದು, ‘ಈ ಗೀಟು ಕದಲಿದರೆ ವಾರಂಟಿ ಇಲ್ಲ’ ಅಂತ ಕೈಗಿಡುವ ಶಾರ್ಟ್ ಬ್ಲಾಕ್ (ಹೆಡ್ ಇಲ್ಲದ ಎಂಜಿನ್ನಿನ ಕೆಳಭಾಗ) ತರಬೇಡಿ. ತರಲೇಬೇಕು ಅಂತಿದ್ದರೆ ಪೂರ್ತಿ ಓದಿ, ಆಮೇಲೆ ದುಡ್ಡು ಕೊಡಿ.

ಆಸೆ ಹುಟ್ಟುವುದು ಸಹಜ. ಬೋರ್ ಮಾಡುವ (ಸಿಲಿಂಡರ್ ತೂತು ಕೊರೆಯುವ), ಹೋನ್ ಮಾಡುವ (ಅದರ ಗೋಡೆಯನ್ನು ಕಲ್ಲಿನಿಂದ ಉಜ್ಜುವ) ಯಂತ್ರ ಯಾರ ಮನೆಯಲ್ಲೂ ಇರುವುದಿಲ್ಲ. ಹೇಗಿದ್ದರೂ ಬ್ಲಾಕ್ ಹೊರಗೆ ಹೋಗಲೇಬೇಕು. ಹೋಗಿದ್ದೇ ಹೋಗಿದೆ, ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಪಿಸ್ಟನ್ ಎಲ್ಲ ಆ ವರ್ಕ್‌ಶಾಪಿನವರೇ ಕೂರಿಸಿ ಕೊಟ್ಟರೆ ನಮಗೆ ಉಳಿಯುವುದು ಹೆಡ್, ಟೈಮಿಂಗ್, ಸಂಪ್ (ಕೆಳಗಿನ ಆಯಿಲ್ ತೊಟ್ಟಿ), ಟರ್ಬೊ, ಆಮೇಲೆ ಕಾರಿಗೆ ಕೂರಿಸುವ ಕೆಲಸ. ನಾನು ತಂದದ್ದೂ ಇದೇ ಲೆಕ್ಕದಲ್ಲಿ: 86 ಮಿಲಿಮೀಟರ್ ಬೋರ್‌ನ ನಾಲ್ಕು ಸಿಲಿಂಡರ್ ಎಂಜಿನ್, ಎರಕದ ಕಬ್ಬಿಣದ ಬ್ಲಾಕ್, ಫೋರ್ಜ್ಡ್ ಪಿಸ್ಟನ್, ಟರ್ಬೊಗೆ ತಕ್ಕ ರಾಡ್‌ಗಳು. ಜೊತೆಗೆ ಚೆಂದವಾಗಿ ಟೈಪ್ ಮಾಡಿದ ಒಂದು ಅಳತೆ ಪಟ್ಟಿ.

ಆ ಪಟ್ಟಿಯಲ್ಲಿ ನಾಲ್ಕೂ ಬೋರ್‌ಗೆ ಒಂದೊಂದೇ ಅಂಕಿ. ನಾಲ್ಕೂ ಒಂದೇ ಅಂಕಿ, ನೂರನೇ ಒಂದು ಮಿಲಿಮೀಟರ್‌ವರೆಗೂ. ಬೋರ್ ಅಳೆಯುವವರು ಒಂದು ಸಿಲಿಂಡರ್‌ಗೆ ಮೇಲೆ, ನಡುವೆ, ಕೆಳಗೆ ಮೂರು ಆಳಗಳಲ್ಲಿ, ಪ್ರತಿ ಆಳದಲ್ಲೂ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಒಮ್ಮೆ ಗೇಜ್ ಇಡುತ್ತಾರೆ. ಕಡಿಮೆಯೆಂದರೂ 6 ಅಂಕಿ. ಬೋರ್ ಕೆಳಗೆ ಹೋದಂತೆ ಕಿರಿದಾಗಿದೆಯಾ, ಮೊಟ್ಟೆಯಾಕಾರಕ್ಕೆ ತಿರುಗಿದೆಯಾ ಅನ್ನುವುದು ಈ ಅಂಕಿಗಳ ವ್ಯತ್ಯಾಸದಲ್ಲಷ್ಟೇ ಗೊತ್ತಾಗುವುದು. ಜೊತೆಗೆ, ಅಳೆದಾಗ ತಾಪಮಾನ ಎಷ್ಟಿತ್ತು ಅಂತಲೂ ಬರೆದಿರಬೇಕು. ಅಳತೆಗಳಿಗೆ ಒಪ್ಪಿತ ತಾಪಮಾನ 20 ಡಿಗ್ರಿ ಸೆಲ್ಸಿಯಸ್. 10 ಡಿಗ್ರಿ ಹೆಚ್ಚಾದರೆ 86 ಮಿಲಿಮೀಟರ್‌ನ ಅಲ್ಯೂಮಿನಿಯಂ ಪಿಸ್ಟನ್ ಸುಮಾರು 0.02 ಮಿಲಿಮೀಟರ್ ಹಿಗ್ಗುತ್ತದೆ, ಕಬ್ಬಿಣದ ಬೋರ್ ಅದರ ಅರ್ಧದಷ್ಟು. ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡುವ ಜಾಗವೇ 0.1 ಮಿಲಿಮೀಟರ್ ಒಳಗಿರುವಾಗ ಇದು ಸಣ್ಣ ವಿಷಯವಲ್ಲ. ಈ ಯಾವುದೂ ಇಲ್ಲದ ಪಟ್ಟಿಯನ್ನು ನಂಬಿ ಎಂಜಿನ್ ಕೂರಿಸು ಅನ್ನುವುದು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಆದರೆ ಬಿಚ್ಚಿ ಅಳೆಯುವಂತಿಲ್ಲವಲ್ಲ, ಗೀಟಿದೆ!

ಕೂರಿಸುವಾಗ ಏನೂ ಕೊರತೆ ಮಾಡಿರಲಿಲ್ಲ. ಹೊಸ ಆಯಿಲ್ ಪಂಪ್, ಹೊಸ ಕೂಲರ್, ಹೊಸ ಪೈಪುಗಳು. ಡ್ಯಾಶ್‌ಬೋರ್ಡ್‌ನ ಎಚ್ಚರಿಕೆ ದೀಪವನ್ನು ನಂಬದೆ ಆಯಿಲ್ ಒತ್ತಡಕ್ಕೆ ಮುಳ್ಳಿನ ಮೀಟರ್ ಬೇರೆಯಾಗಿ ಹಾಕಿದ್ದೆ. ಸ್ಪಾರ್ಕ್ ಪ್ಲಗ್ ಕಳಚಿ, ಇಂಧನ ನಿಲ್ಲಿಸಿ, ಮುಳ್ಳು ಎದ್ದು ನಿಲ್ಲುವವರೆಗೆ ಸ್ಟಾರ್ಟರ್‌ನಿಂದ ತಿರುಗಿಸಿ, ಆಮೇಲಷ್ಟೇ ಬೆಂಕಿ ಹಚ್ಚಿದ್ದು. ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಸದ್ದು ಕೇಳಿದರೆ ಹೊಟ್ಟೆ ತುಂಬುವಂತಿತ್ತು.

ಶುರುವಿನಲ್ಲಿ ಬಿಸಿ ಎಂಜಿನ್ ಐಡಲ್‌ನಲ್ಲಿ ಮುಳ್ಳು 1.5 ಬಾರ್ ತೋರಿಸುತ್ತಿತ್ತು. ಓಡಿಸುತ್ತಾ ಹೋದಂತೆ ಅದು ಕೆಳಗಿಳಿಯತೊಡಗಿತು. ಒಂದೇ ಸಲ ಬಿದ್ದಿದ್ದರೆ ಯಾರಾದರೂ ಗಾಬರಿಯಾಗುತ್ತಾರೆ. ದಿನದಿಂದ ದಿನಕ್ಕೆ ಕೂದಲೆಳೆಯಷ್ಟು ಇಳಿದರೆ ‘ಇವತ್ತು ಬಿಸಿಲು ಜಾಸ್ತಿ, ಆಯಿಲ್ ತೆಳ್ಳಗಾಗಿದೆ’ ಅನ್ನಿಸುತ್ತದೆ. 1000 ಆರ್‌ಪಿಎಮ್‌ಗೆ ಸುಮಾರು 0.7 ಬಾರ್ ಇರಬೇಕು ಅನ್ನುವುದು ಹಳೇ ಲೆಕ್ಕ. ಅದರ ಹತ್ತಿರಕ್ಕೆ ಬಂದಾಗ ಫಿಲ್ಟರ್ ಕಳಚಿ ಕತ್ತರಿಸಿ ಒಳಗಿನ ಕಾಗದ ಬಿಡಿಸಿದೆ. ಹೊಸ ಎಂಜಿನ್‌ನಲ್ಲಿ ಮೊದಲು ಸ್ವಲ್ಪ ಕಬ್ಬಿಣದ ಪುಡಿ ಬರುವುದುಂಟು, ರಿಂಗ್‌ಗಳು ಬೋರ್‌ಗೆ ಹೊಂದಿಕೊಳ್ಳುವಾಗ ಸವೆದದ್ದು. ಅದು ಅಯಸ್ಕಾಂತಕ್ಕೆ ಅಂಟುತ್ತದೆ. ನನ್ನ ಫಿಲ್ಟರ್‌ನಲ್ಲಿದ್ದ ಮಿನುಗು ಅಂಟಲಿಲ್ಲ. ಅಂಟದ ಮಿನುಗು ಅಂದರೆ ಬೇರಿಂಗ್ (ಕ್ರ್ಯಾಂಕ್ ತಿರುಗಲು ಕೂರಿಸಿದ ಮೆತ್ತನೆ ಪದರದ ಚಿಪ್ಪು) ಅಥವಾ ಪಿಸ್ಟನ್.

ಎಂಜಿನ್ ಜೋಡಿಸಿ ಕೊಟ್ಟವರಿಗೆ ಫೋನ್ ಮಾಡಿದರೆ ಬಂದ ಉತ್ತರ: “ಹೊಸ ಎಂಜಿನ್ ಅಲ್ವಾ ಸಾರ್, ಮೊದಮೊದಲು ಹಾಗೇ ಬರುತ್ತೆ. ಓಡಿಸಿ, ಸರಿಹೋಗುತ್ತೆ.”

“ಸಂಪ್ ಇಳಿಸಿ ಒಂದು ಬೇರಿಂಗ್ ನೋಡ್ಲಾ?”

“ಗೀಟು ಕದಲಿದ್ರೆ ನಮ್ಮ ಕೈಲಿ ಏನೂ ಇಲ್ಲ ಸಾರ್, ಆಮೇಲೆ ನಮ್ಮನ್ನ ಕೇಳ್ಬೇಡಿ.”

ವಿಷಯದ ತಿರುಳು ಇದೇ. ಬೇರಿಂಗ್ ಮೇಲ್ಪದರ ಗೀರಿದ ಹಂತದಲ್ಲಿ ಬಿಚ್ಚಿದ್ದರೆ ಒಂದು ಸೆಟ್ ಬೇರಿಂಗ್, ಕ್ರ್ಯಾಂಕ್‌ಗೆ ಒಂದು ಪಾಲಿಶ್, ಬ್ಲಾಕ್ ಒಮ್ಮೆ ತೊಳೆತ, ಇಷ್ಟರಲ್ಲಿ ಮುಗಿಯುತ್ತಿತ್ತು. ಹಾಗೆ ಬಿಚ್ಚದಂತೆ ತಡೆಯುವುದೇ ವಾರಂಟಿಯ ಷರತ್ತು. ಮುಂದಿನ ಫಿಲ್ಟರ್‌ನಲ್ಲಿ ತಾಮ್ರದ ಬಣ್ಣ ಕಂಡಿತು, ಅಂದರೆ ಮೇಲ್ಪದರ ಸವೆದು ಒಳಗಿನ ಪದರ ಹೊರಬಿದ್ದಿದೆ. ಆಮೇಲೆ ಟಕ್ ಟಕ್ ಸದ್ದು. ಒಂದೊಂದೇ ಇಂಜೆಕ್ಟರ್‌ನ (ಇಂಧನ ಚಿಮ್ಮಿಸುವ ಭಾಗದ) ವೈರ್ ಪ್ಲಗ್ ಕಳಚಿ ನೋಡಿದೆ. ಮೂರನೆಯದನ್ನು ಕಳಚಿದಾಗ ಸದ್ದು ಕುಗ್ಗಿತು. ಯಾವ ಸಿಲಿಂಡರ್ ನಿಲ್ಲಿಸಿದಾಗ ಸದ್ದು ಕುಗ್ಗುತ್ತದೋ ಆ ರಾಡ್‌ನ ಬೇರಿಂಗ್ ಹೋಗಿದೆ ಅಂತ. ಎಂಜಿನ್ ಮತ್ತೆ ಇಳಿಯಿತು.

ಅವರ ವರ್ಕ್‌ಶಾಪಿನಲ್ಲೇ, ನನ್ನ ಕಣ್ಣೆದುರೇ ಬಿಚ್ಚಬೇಕು ಅಂತ ಹಠ ಹಿಡಿದದ್ದು ಒಳ್ಳೆಯದಾಯಿತು. ನೀವೂ ಹಾಗೇ ಮಾಡಿ, ಕಳಿಸಿಕೊಟ್ಟು ಮನೆಯಲ್ಲಿ ಕೂರಬೇಡಿ. ಬಿಚ್ಚುತ್ತಿದ್ದಂತೆ ಎರಡು ಕಾರಣ ಸಿದ್ಧವಾಗಿ ಬಂದವು. ಒಂದು, ನಿಮ್ಮ ಟ್ಯೂನಿಂಗ್ ಸರಿಯಿಲ್ಲ, ನಾಕಿಂಗ್ ಆಗಿ ಬೇರಿಂಗ್ ಹೋಗಿದೆ. ಇನ್ನೊಂದು, ಕೂರಿಸುವಾಗ ನಿಮ್ಮ ಗ್ಯಾರೇಜಿನ ಧೂಳು ಒಳಗೆ ಬಿದ್ದಿದೆ. ಮನೆಯಲ್ಲಿ ಕೆಲಸ ಮಾಡುವವರ ಮೇಲೆ ಈ ಎರಡನ್ನು ಹೊರಿಸುವುದು ಸುಲಭ, ಬಹಳ ಜನ ಅಲ್ಲೇ ಬಾಯಿ ಮುಚ್ಚುತ್ತಾರೆ. ಮುಚ್ಚಬೇಕಿಲ್ಲ. ಬೇರಿಂಗ್‌ಗಳನ್ನು ಓದಲು ಬಂದರೆ ಸಾಕು.

ನಾಕಿಂಗ್ ಅಂದರೆ ಸ್ಫೋಟದ ಏಟು ಮೇಲಿನಿಂದ ಕೆಳಕ್ಕೆ ಬೀಳುತ್ತದೆ. ಹಾಗಾಗಿ ರಾಡ್ ಬೇರಿಂಗ್‌ನ ಮೇಲಿನ ಚಿಪ್ಪು ಮತ್ತು ಮೇನ್ ಬೇರಿಂಗ್‌ನ ಕೆಳಗಿನ ಚಿಪ್ಪು ಜಜ್ಜಿದಂತಾಗುತ್ತವೆ, ಪಿಸ್ಟನ್ ತಲೆ ಮರಳು ಎರಚಿದಂತೆ ಒರಟಾಗುತ್ತದೆ, ಸ್ಪಾರ್ಕ್ ಪ್ಲಗ್‌ನ ಬಿಳಿ ಭಾಗದ ಮೇಲೆ ಸಣ್ಣ ಚುಕ್ಕೆಗಳು ಕಾಣುತ್ತವೆ. ನನ್ನ ಎಂಜಿನ್‌ನಲ್ಲಿ ಮೇಲಿನ ಚಿಪ್ಪು, ಕೆಳಗಿನ ಚಿಪ್ಪು ಅನ್ನುವ ಭೇದವಿಲ್ಲದೆ ಎಲ್ಲದರ ಮೇಲೂ ಸುತ್ತಲೂ ಹರಿದ ಗೀರುಗಳಿದ್ದವು. ಪಿಸ್ಟನ್ ತಲೆಗಳು ನಯವಾಗಿದ್ದವು. ಇದರ ಮೇಲೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ದಾಖಲೆಯೂ ಇತ್ತು: ಪೂರ್ತಿ ಬೂಸ್ಟ್‌ನಲ್ಲಿ ಗಾಳಿ-ಇಂಧನ ಅನುಪಾತ 11.5ರ ಆಸುಪಾಸು, ಅಂದರೆ ಇಂಧನಕ್ಕೆ ಕೊರತೆಯಿರಲಿಲ್ಲ, ನಾಕ್ ಸೆನ್ಸರ್ ಸುಮ್ಮನೆ. ಮೊದಲ ಸ್ಟಾರ್ಟ್‌ನಿಂದಲೇ ದಾಖಲೆ ಉಳಿಸಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಧೂಳಿನ ಮಾತಿಗೆ ಉತ್ತರ ಆಯಿಲ್ ಹರಿಯುವ ದಾರಿಯಲ್ಲಿದೆ. ಸಂಪ್‌ನಿಂದ ಪಂಪ್, ಪಂಪ್‌ನಿಂದ ಫಿಲ್ಟರ್, ಫಿಲ್ಟರ್‌ನಿಂದ ಬ್ಲಾಕ್ ಒಳಗಿನ ಮುಖ್ಯ ನಾಳ, ಅಲ್ಲಿಂದ ಮೇನ್ ಬೇರಿಂಗ್‌ಗಳು, ಕ್ರ್ಯಾಂಕ್ ಒಳಗಿನ ತೂತುಗಳ ಮೂಲಕ ರಾಡ್ ಬೇರಿಂಗ್‌ಗಳು. ಸಂಪ್‌ಗೆ ಬಿದ್ದ ಕಸ ಮೊದಲು ಫಿಲ್ಟರ್ ದಾಟಬೇಕು. ಚಳಿಯಲ್ಲಿ ಆಯಿಲ್ ಗಟ್ಟಿಯಿದ್ದಾಗ ಫಿಲ್ಟರ್‌ನ ಬೈಪಾಸ್ ತೆರೆದು ಒಂದಿಷ್ಟು ನುಸುಳಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಫಿಲ್ಟರ್ ಆಚೆಗಿನ ನಾಳದಲ್ಲೇ ಕಸ ಕೂತಿದ್ದರೆ ಅದಕ್ಕೆ ತಡೆಯೇ ಇಲ್ಲ, ನೇರ ಬೇರಿಂಗ್‌ಗೆ. ನಾಳದ ತುದಿ ಮುಚ್ಚಿದ ಪ್ಲಗ್ ತೆಗೆಸಿ ಅಂದೆ. ಅದು ಬ್ಲಾಕ್ ಹುಟ್ಟಿದಾಗ ಹಾಕಿದ ಪ್ಲಗ್, ಅಂಚಿನ ಹಳೇ ಬಣ್ಣ ಸಹ ಬಿರುಕು ಬಿಟ್ಟಿರಲಿಲ್ಲ, ಅಂದರೆ ತೊಳೆಯಲು ಯಾರೂ ತೆಗೆದೇ ಇರಲಿಲ್ಲ. ತೆಗೆದು, ಕಡ್ಡಿಗೆ ಬಿಳಿ ಬಟ್ಟೆ ಸುತ್ತಿ ಒಳಗೆಳೆದರೆ ಬೂದು ಬಣ್ಣದ ಕೆಸರು ಬಂತು. ಬೆರಳಲ್ಲಿ ಉಜ್ಜಿದರೆ ಚರಚರ. ಹೋನಿಂಗ್ ಕಲ್ಲಿನ ಪುಡಿ.

ಆ ಪುಡಿ ಸಿಲಿಕಾನ್ ಕಾರ್ಬೈಡ್ ಅಥವಾ ಅಲ್ಯೂಮಿನಿಯಂ ಆಕ್ಸೈಡ್, ಉಕ್ಕಿಗಿಂತ ಗಟ್ಟಿ. ಬೇರಿಂಗ್‌ನ ಮೆತ್ತನೆ ಪದರಕ್ಕೆ ನೆಟ್ಟುಕೊಂಡು ಕ್ರ್ಯಾಂಕನ್ನೇ ಅರೆಯುತ್ತದೆ. ಬೋರ್ ಮಾಡಿದ ಬ್ಲಾಕನ್ನು ಬಿಸಿ ನೀರು, ಸೋಪು, ಉದ್ದನೆ ಬ್ರಷ್ ಹಿಡಿದು ನಾಳದ ಪ್ಲಗ್‌ಗಳನ್ನೆಲ್ಲ ತೆಗೆದು ತೊಳೆಯಬೇಕಾದ್ದು ಅದಕ್ಕೇ. ಬರೀ ಪೆಟ್ರೋಲ್ ಅಥವಾ ಸಾಲ್ವೆಂಟ್ ಎರಚಿದರೆ ಜಿಡ್ಡು ಹೋಗುತ್ತದೆ, ಪುಡಿ ಹೋನಿಂಗ್ ಗೆರೆಗಳಲ್ಲೇ ಉಳಿಯುತ್ತದೆ. ತೊಳೆದ ಮೇಲೆ ಹೊಸ ಆಯಿಲ್ ಸವರಿದ ಬಿಳಿ ಬಟ್ಟೆಯಲ್ಲಿ ಬೋರ್ ಒರೆಸಿ, ಬಟ್ಟೆ ಬೂದಾದರೆ ಮತ್ತೆ ತೊಳೆಯಬೇಕು. ಇದು ಬೇಸರದ ಕೆಲಸ, ಫೋಟೋದಲ್ಲಿ ಕಾಣುವ ಕೆಲಸವೂ ಅಲ್ಲ. ಬಹುಶಃ ಅದಕ್ಕೇ ಬಿಟ್ಟುಹೋಗುತ್ತದೆ.

ಬಿಚ್ಚಿದಾಗ ಇನ್ನೊಂದು ಕಂಡಿತು. ಎರಡು ಪಿಸ್ಟನ್‌ಗಳ ಮೇಲ್ಗಡೆಯ ರಿಂಗ್‌ನ (ಪಿಸ್ಟನ್ ಸುತ್ತ ಕೂರುವ, ಒಂದು ಕಡೆ ಸೀಳಿರುವ ಬಳೆಯ) ತುದಿಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಬಿಸಿಗೆ ಹಿಗ್ಗಿ ತುದಿಗೆ ತುದಿ ತಾಗಿದ ಗುರುತು. ಟರ್ಬೊ ಎಂಜಿನ್‌ಗೆ ಬೋರ್‌ನ ಪ್ರತಿ ಇಂಚಿಗೆ 0.005 ಇಂಚಿನಂತೆ ಲೆಕ್ಕ ಹಾಕಿದರೂ 86 ಮಿಲಿಮೀಟರ್‌ಗೆ ತುದಿಗಳ ನಡುವೆ 0.43 ಮಿಲಿಮೀಟರ್ ಗ್ಯಾಪ್ ಬೇಕು. ರಿಂಗ್ ತಯಾರಕರ ಹಾಳೆಯಲ್ಲಿ ಬೇರೆ ಇದ್ದರೆ ಅದೇ ಅಂತಿಮ. ಇನ್ನಷ್ಟು ಓಡಿಸಿದ್ದರೆ ಪಿಸ್ಟನ್‌ನ ರಿಂಗ್ ಕೂರುವ ಅಂಚೇ ಒಡೆಯುತ್ತಿತ್ತು. ಪಟ್ಟಿಯಲ್ಲಿ ಈ ಗ್ಯಾಪಿಗೂ ನಾಲ್ಕು ಸಿಲಿಂಡರ್‌ಗೆ ಒಂದೇ ಅಂಕಿ ಬರೆದಿದ್ದರು ಅಂತ ಬೇರೆ ಹೇಳಬೇಕೇ?

ಕೊನೆಗೆ ಸಿಕ್ಕಿದ್ದು: ‘ಕೂಲಿ ಬೇಡ, ಸಾಮಾನು ನೀವೇ ತನ್ನಿ, ಮತ್ತೆ ಜೋಡಿಸಿ ಕೊಡ್ತೀವಿ.’ ನಾನು ಬ್ಲಾಕು, ಕ್ರ್ಯಾಂಕು ಹೊತ್ತುಕೊಂಡು ವಾಪಸ್ ಬಂದೆ. ಜಗಳ ಬೆಳೆಸುವ ಶಕ್ತಿ ಉಳಿದಿರಲಿಲ್ಲ.

ಗೀಟು ಎಳೆಯುವವರ ವಾದವೂ ಪೂರ್ತಿ ಸುಳ್ಳಲ್ಲ. ಒಮ್ಮೆ ಬಿಗಿದರೆ ಮತ್ತೆ ಬಳಸಬಾರದ ಬೋಲ್ಟ್‌ಗಳಿವೆ, ಬಳಸಬಹುದಾದವನ್ನೂ ಎಷ್ಟು ಹಿಗ್ಗಿವೆ ಅಂತ ಅಳೆದೇ ಬಿಗಿಯಬೇಕು. ಗಿರಾಕಿ ಸಡಿಲಿಸಿ ಅಡ್ಡಾದಿಡ್ಡಿ ಬಿಗಿದರೆ ಅವರೇಕೆ ಹೊಣೆ ಹೊರಬೇಕು? ಹಾಗಿದ್ದರೆ ಬೋಲ್ಟ್ ಬಿಗಿಯುವ ಮುಂಚೆ ನಮ್ಮನ್ನು ಕರೆಯಲಿ. ನಾಳದ ಪ್ಲಗ್ ತೆಗೆದ ಫೋಟೋ, ರಿಂಗನ್ನು ಆಯಾ ಬೋರ್‌ನಲ್ಲಿಟ್ಟು ಫೀಲರ್ ಗೇಜ್ ತೂರಿಸಿದ ಫೋಟೋ, ಒಂದು ಬೋರ್‌ಗೆ 6 ಅಂಕಿಯ ಪಟ್ಟಿ, ಇವನ್ನು ದುಡ್ಡು ಕೊಡುವ ಮುಂಚೆ ಕೇಳಿ. ಕೇಳಿದಾಗ ಮುಖ ಸಿಂಡರಿಸಿದರೆ ಬೇರೆ ಕಡೆ ಹೋಗಿ. ನನ್ನನ್ನು ಕೇಳಿದರೆ ಇನ್ನೂ ಒಳ್ಳೆಯದು: ಯಂತ್ರದ ಕೆಲಸ ಮಾತ್ರ ಹೊರಗೆ ಮಾಡಿಸಿ, ಎಲ್ಲ ಬಿಡಿಯಾಗಿ ತಂದು, ಮನೆಯಲ್ಲಿ ತೊಳೆದು, ಅಳೆದು, ನೀವೇ ಜೋಡಿಸಿ. ಮೈಕ್ರೋಮೀಟರ್, ಬೋರ್ ಗೇಜ್ ಬಾಡಿಗೆಗೋ ಎರವಲಿಗೋ ಸಿಕ್ಕರೂ ಸಾಕು.

ಗೀಟಿರುವ ಬ್ಲಾಕ್ ಈಗಾಗಲೇ ಮನೆಗೆ ಬಂದಿದ್ದರೆ, ಏನನ್ನೂ ಬಿಚ್ಚದೆ ನೋಡಬಹುದಾದದ್ದೂ ಇದೆ. ಕ್ರ್ಯಾಂಕನ್ನು ಹಿಂದಕ್ಕೆ ಮುಂದಕ್ಕೆ ಮೀಟಿ ಡಯಲ್ ಗೇಜ್‌ನಲ್ಲಿ ಎಷ್ಟು ಆಡುತ್ತದೆ ನೋಡಿ, ಬಹಳಷ್ಟು ಎಂಜಿನ್‌ಗಳಲ್ಲಿ 0.1ರಿಂದ 0.25 ಮಿಲಿಮೀಟರ್ ಒಳಗಿರುತ್ತದೆ. ಒಂದು ಸುತ್ತು ಕೈಯಲ್ಲಿ ತಿರುಗಿಸಿ, ನಡುವೆ ಎಲ್ಲಾದರೂ ಬಿಗಿಯುತ್ತದಾ ಗಮನಿಸಿ. ಬೋರ್‌ಗೆ ಬಿಳಿ ಬಟ್ಟೆ ಹಾಕಿ. ನಾಳದ ಪ್ಲಗ್ ಹೊಸದಾ ಹಳೆಯದಾ ಅಂತ ಟಾರ್ಚ್ ಹಿಡಿದು ನೋಡಿ. ಹಳೆಯದಾದರೆ ಕೂರಿಸಬೇಡಿ, ವಾಪಸ್ ಕೊಡಿ.

ಬೇರಿಂಗ್ ಪುಡಿಯಾದ ಎಂಜಿನ್ ಈಗಾಗಲೇ ಕೈಯಲ್ಲಿದ್ದರೆ ಆಯಿಲ್ ಕೂಲರ್ ಎಸೆಯಿರಿ. ಅದರ ಸಂದಿಗಳಲ್ಲಿ ಕೂತ ಪುಡಿ ಯಾವ ತೊಳೆತಕ್ಕೂ ಪೂರ್ತಿ ಬರುವುದಿಲ್ಲ, ಮುಂದಿನ ಎಂಜಿನ್ ಬಿಸಿಯಾದಾಗ ಹೊರಬರುತ್ತದೆ. ಟರ್ಬೊಗೂ ಅದೇ ಆಯಿಲ್ ಹೋಗಿರುತ್ತದೆ, ಅದನ್ನು ಬಿಚ್ಚಿಸಿ ನೋಡಿ. ಕ್ರ್ಯಾಂಕ್ ಒಳಗಿನ ತೂತುಗಳಿಗೆ ಸಣ್ಣ ಬ್ರಷ್ ಆಡಿಸಿ. ನನ್ನ ಕ್ರ್ಯಾಂಕನ್ನು 0.25 ಮಿಲಿಮೀಟರ್ ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ ಬೇರಿಂಗ್ (ಸಣ್ಣಗಾದ ಕ್ರ್ಯಾಂಕ್‌ಗೆ ಹೊಂದುವ ದಪ್ಪ ಚಿಪ್ಪು) ಹಾಕಬೇಕಾಗಿದೆ, ಬ್ಲಾಕ್‌ನ ನಾಳಗಳಿಗೆ ಈ ಸಲ ಸ್ಕ್ರೂ ಪ್ಲಗ್ ಕೂರಿಸುತ್ತಿದ್ದೇನೆ.