ಮಳೆಗಾಲದ ಹುಟ್ಟುಹಬ್ಬಕ್ಕೆ ಯಾವ ತೋರಣ? ಕಾಗದ, ಎಲೆ, ಬಟ್ಟೆ ಮೂರನ್ನೂ ಕಟ್ಟಿ ನೋಡಿದೆ

ನನ್ನ ಮಗಳು ಹುಟ್ಟಿದ್ದು ಆಗಸ್ಟ್ ಮೊದಲ ವಾರದಲ್ಲಿ. ಮಡಿಕೇರಿಯಲ್ಲಿ ಇರುವವರಿಗೆ ಇಷ್ಟು ಹೇಳಿದರೆ ಸಾಕು. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುವ ಊರು ಇದು. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಗೋಡೆ ಬೆವರುತ್ತದೆ. ಡಬ್ಬಿಯಲ್ಲಿ ಉಪ್ಪು ನೀರಾಗುತ್ತದೆ. ಇದರ ನಡುವೆ ಹತ್ತು ಮಕ್ಕಳನ್ನು ಕರೆದು, ಮನೆ ಸಿಂಗರಿಸಿ, ಹುಟ್ಟುಹಬ್ಬ ಮಾಡಬೇಕು.

ಮೊಬೈಲಿನಲ್ಲಿ ಕಾಣುವ ಸುಲಭ ಅಲಂಕಾರಗಳನ್ನು ಎರಡು ವರ್ಷ ಹಾಗೇ ಮಾಡಿ ಕೈಸುಟ್ಟುಕೊಂಡೆ. ಕಳೆದ ಆಗಸ್ಟ್‌ನಲ್ಲಿ ಸರಿಯಾಗಿ ಹೋಲಿಸಿ ನೋಡೋಣ ಅಂತ ಹಾಲಿನ ಮೂರು ಗೋಡೆಗೆ ಮೂರು ಬಗೆಯ ತೋರಣ ಕಟ್ಟಿದೆ. ಹುಟ್ಟುಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ಕಟ್ಟಿದ್ದು, ಯಾವುದು ಎಷ್ಟು ತಾಳುತ್ತದೆ ನೋಡಬೇಕಿತ್ತು. ಆಮೇಲೆ ಜನವರಿಯಲ್ಲಿ ಸುಂಟಿಕೊಪ್ಪದಲ್ಲಿ ಅಕ್ಕನ ಮನೆಯ ಗೃಹಪ್ರವೇಶಕ್ಕೆ ಇದೇ ಮೂರನ್ನು ಮತ್ತೆ ಕಟ್ಟಿದೆ. ಎರಡು ಸಲವೂ ಗೆದ್ದದ್ದು ಒಂದೇ ಅಲ್ಲ.

ಮೊದಲು ಕ್ರೇಪ್ ಪೇಪರ್. ಕೆಲಸ ಅರ್ಧ ಗಂಟೆಯದು. ಎರಡು ಬಣ್ಣದ ಪಟ್ಟಿಗಳನ್ನು ಒಟ್ಟಿಗೆ ತಿರುಚಿ ಈ ಮೂಲೆಯಿಂದ ಆ ಮೂಲೆಗೆ ಎಳೆದರೆ ಆಯಿತು. ಸಂಜೆ ನೋಡಿದಾಗ ಮೂರರಲ್ಲಿ ಅದೇ ಚೆಂದ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ನಡುವೆ ಜೋತು ಬಿದ್ದಿತ್ತು. ಕ್ರೇಪ್ ಪೇಪರಿನ ಜೀವ ಇರುವುದು ಅದರ ಸುಕ್ಕಿನಲ್ಲಿ. ತೇವ ಹೀರಿದರೆ ಸುಕ್ಕು ಬಿಚ್ಚಿಕೊಂಡು ಪಟ್ಟಿ ಉದ್ದವಾಗುತ್ತದೆ. ಗೋಡೆಗೆ ತಾಗಿದ ಕಡೆ ಕೆಂಪು ಬಣ್ಣ ಇಳಿದು, ಡಿಸ್ಟೆಂಪರ್ ಮೇಲೆ ಗುಲಾಬಿ ಕಲೆ ಈಗಲೂ ಇದೆ. ಟೇಪಂತೂ ಮೊದಲ ರಾತ್ರಿಯೇ ಕಳಚಿತ್ತು. ಅದೇ ಕ್ರೇಪ್ ಪೇಪರ್ ಜನವರಿಯಲ್ಲಿ ಅಕ್ಕನ ಮನೆಯಲ್ಲಿ ಹತ್ತು ದಿನ ಬಿಗಿಯಾಗಿಯೇ ನಿಂತಿತು. ಹಾಗಾಗಿ ಕಾಗದವನ್ನು ದೂರುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಏನೇ ಕಾರ್ಯವಿದ್ದರೂ ಧೈರ್ಯವಾಗಿ ಕಟ್ಟಿ. ಮಳೆಗಾಲದಲ್ಲಿ ಕಟ್ಟಲೇಬೇಕು ಅಂದರೆ ಅವತ್ತೇ ಬೆಳಿಗ್ಗೆ ಕಟ್ಟಿ, ಟೇಪ್ ಬಿಟ್ಟು ಮೊಳೆಗೆ ದಾರ ಕಟ್ಟಿ ಅದಕ್ಕೆ ಸುತ್ತಿ.

ಎರಡನೆಯದು ಹಸಿ ಎಲೆ. ಮಾವಿನ ಎಲೆಯ ನಡುವೆ ಜರೀಗಿಡದ ಗರಿ ಸೇರಿಸಿ ಬಾಳೆ ನಾರಿನಲ್ಲಿ ಕಟ್ಟಿದೆ. ಮಳೆಗಾಲದಲ್ಲಿ ಜರೀಗಿಡಕ್ಕೆ ದುಡ್ಡು ಕೊಡಬೇಕಿಲ್ಲ, ಮನೆಯ ಹಿಂದಿನ ಇಳಿಜಾರಿನ ಬರೆಯಲ್ಲೇ ಬೇಕಾದಷ್ಟು ಸಿಗುತ್ತದೆ. ಬಾಳೆ ನಾರು ಹಾಕುವುದನ್ನು ನಮ್ಮತ್ತೆ ಹೇಳಿಕೊಟ್ಟರು. "ನೈಲಾನ್ ದಾರ ಎಲೆಯ ತೊಟ್ಟನ್ನು ಕೊಯ್ಯುತ್ತದೆ, ನಾರು ಕೊಯ್ಯೋದಿಲ್ಲ" ಅಂದರು. ಕಟ್ಟಿ ನೋಡಿದೆ, ಅವರ ಮಾತು ನಿಜ. ನನಗೆ ಆಶ್ಚರ್ಯವಾದದ್ದು ಬೇರೆ. ಆಗಸ್ಟ್‌ನಲ್ಲಿ ಈ ತೋರಣ ನಾಲ್ಕನೇ ದಿನವೂ ಹಸಿರಾಗಿಯೇ ಇತ್ತು. ಗಾಳಿಯಲ್ಲೇ ನೀರಿರುವಾಗ ಎಲೆ ಬಾಡುವುದಾದರೂ ಹೇಗೆ? ಜನವರಿಯಲ್ಲಿ ಅದೇ ಮಾವಿನ ಎಲೆ ಎರಡನೇ ದಿನಕ್ಕೆ ಸುರುಳಿ ಸುತ್ತಿಕೊಂಡಿತು. ಜರೀಗಿಡ ಅಂದೇ ಸಂಜೆ ಕಂದಿತು. ಕಾಗದ ಸೋತ ಕಾಲದಲ್ಲಿ ಎಲೆ ಗೆಲ್ಲುತ್ತದೆ, ಎಲೆ ಸೋತ ಕಾಲದಲ್ಲಿ ಕಾಗದ.

ಎಲೆಯಲ್ಲಿ ಒಂದೇ ಎಚ್ಚರ, ಜಿಗಣೆ. ಜರೀಗಿಡ ಕೊಯ್ದು ತಂದವರು ಅದನ್ನು ಮೊದಲು ಅಂಗಳದಲ್ಲಿ ಚೆನ್ನಾಗಿ ಕೊಡವಿ, ಉಪ್ಪು ನೀರಿನಲ್ಲಿ ಅದ್ದಿ ತೆಗೆಯಬೇಕು. ನಾನು ಮೊದಲ ಕಂತೆಯನ್ನು ಸುಮ್ನೆ ಒಳಗೆ ತಂದಿದ್ದೆ. ರಾತ್ರಿ ಮಗಳ ಕಾಲಿನಲ್ಲಿ ರಕ್ತ ಕಂಡಾಗಲೇ ಗೊತ್ತಾಗಿದ್ದು. ಇನ್ನೊಂದು ಮಾತನ್ನೂ ಹೇಳಲೇಬೇಕು. ಆ ಹೊತ್ತಿಗೆ ಬೇಲಿಯಲ್ಲಿ ತೋಕ್ ಪೂ ಅರಳಲು ಶುರುವಾಗಿರುತ್ತದೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೋದ್ ದಿನ ಕೋವಿಗೆ ಇಡುವ ಹೂವು ಇದೇ. ಕೆಂಪು, ಹಳದಿ ಸೇರಿ ಬೆಂಕಿಯ ಹಾಗೆ ಕಾಣುತ್ತದೆ, ತೋರಣಕ್ಕೆ ಸಿಕ್ಕಿಸಿದರೆ ಬಹಳ ಚೆಂದ. ಮಗಳು ಅದೇ ಬೇಕು ಅಂತ ಹಠ ಹಿಡಿದಳು. ಆದರೆ ಆ ಗಿಡ ಗೆಡ್ಡೆಯಿಂದ ಹೂವಿನವರೆಗೆ ಪೂರ್ತಿ ವಿಷ. ಎಲ್ಲವನ್ನೂ ಬಾಯಿಗೆ ಹಾಕುವ ಮಕ್ಕಳು ಬರುವ ಮನೆಗೆ ಅದು ಬೇಡವೇ ಬೇಡ.

ಮೂರನೆಯದು ಬಟ್ಟೆ. ಹಳೆ ಸೀರೆಗಳು, ಟೈಲರ್ ಅಂಗಡಿಯಲ್ಲಿ ಉಳಿದ ತುಂಡುಗಳು. 6 ಇಂಚು ಅಗಲ, 8 ಇಂಚು ಉದ್ದದ ಮೂರು ಮೂಲೆ ತುಂಡುಗಳನ್ನು ಕತ್ತರಿಸಿ, ನಡುವೆ 2 ಇಂಚು ಬಿಟ್ಟು ಒಂದು ಲಾಡಿಗೆ ಹೊಲಿದೆ. 40 ತುಂಡಿಗೆ ಸುಮಾರು 26 ಅಡಿಯ ಸರ ಆಯಿತು. ಅಂಚು ಮಡಚಿ ಹೊಲಿಯುವ ಕಷ್ಟ ಬೇಡ ಅಂದರೆ ಹಲ್ಲಿನ ಕತ್ತರಿಯಲ್ಲಿ ಕತ್ತರಿಸಿ, ನೂಲು ಬೇಗ ಬಿಡುವುದಿಲ್ಲ. ಎರಡು ಸಂಜೆ ಪೂರ್ತಿ ಕೂತೆ, ಕರೆಂಟ್ ಹೋದಾಗ ಟಾರ್ಚ್ ಹಿಡಿದು ಕೈಯಲ್ಲೇ ಹೊಲಿದೆ. ಮೂರರಲ್ಲಿ ಜಾಸ್ತಿ ಕೆಲಸ ಹಿಡಿದದ್ದು ಇದು. ಆದರೂ ನನ್ನ ಓಟು ಇದಕ್ಕೇ. ಆಗಸ್ಟ್‌ನಲ್ಲಿ ಅಲುಗಲಿಲ್ಲ, ಜನವರಿಯಲ್ಲಿಯೂ ಅಲುಗಲಿಲ್ಲ, ಒಗೆದು ಮಡಚಿಟ್ಟಿದ್ದೇನೆ. ಬಟ್ಟೆಯಲ್ಲೂ ಭೇದ ಇದೆ. ಹತ್ತಿ ಸೀರೆಯ ತುಂಡು ತೇವ ಎಳೆದುಕೊಂಡು ಮೂರನೇ ದಿನ ಮುಗ್ಗಲು ವಾಸನೆ ಬಂತು. ಪಾಲಿಯೆಸ್ಟರ್ ಸೀರೆಗೆ ಹಾಗಾಗಲಿಲ್ಲ. ಬಟ್ಟೆಗೆ ಗಂಜಿ ಮಾತ್ರ ಹಾಕಬೇಡಿ, ಮಳೆಗಾಲದಲ್ಲಿ ಗಂಜಿ ಅಂದರೆ ಬೂಷ್ಟಿಗೆ ಊಟ ಇಟ್ಟ ಹಾಗೆ.

ಮಾವನ ಹಳೆ ಬಿಳಿ ಪಂಚೆಗೆ ಮನೆಯಲ್ಲೇ ಬಣ್ಣ ಹಾಕಿಯೂ ನೋಡಿದೆ. ಆಗಸ್ಟ್ 3 ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅವತ್ತು ಮದ್ದು ಸೊಪ್ಪು ಅನ್ನುವ ಔಷಧಿ ಸೊಪ್ಪನ್ನು ಬೇಯಿಸಿದ ನೀರು ಪಾಯಸಕ್ಕೆ ಹೋಗುವ ಮುಂಚೆ ಎರಡು ಲೋಟ ಎತ್ತಿಟ್ಟುಕೊಂಡೆ. ಎಂಥಾ ನೇರಳೆ ಅಂತೀರಾ! ಬಟ್ಟೆ ಅದ್ದಿ ತೆಗೆದಾಗ ಮನೆಯವರೆಲ್ಲ ನೋಡಲು ಬಂದರು. ಆದರೆ ಒಂದು ಒಗೆತಕ್ಕೆ ಮಾಸಿ ಬೂದಿಯಾಯಿತು. ಅರಿಶಿನದ ಬಣ್ಣ ಒಗೆತ ತಡೆಯಿತು, ಕಿಟಕಿಯ ಬಿಸಿಲಿಗೆ ಮಾತ್ರ ಬೆಳ್ಳಗಾಯಿತು. ಗಟ್ಟಿ ಕಾಫಿ ಡಿಕಾಕ್ಷನ್‌ನಲ್ಲಿ ಕುದಿಸಿದ ತುಂಡು ತಿಳಿ ಕಂದು ಬಣ್ಣದಲ್ಲಿ ಇವತ್ತಿಗೂ ಹಾಗೇ ಇದೆ.

ಮಗಳ ಹೆಸರಿನ ಅಕ್ಷರಗಳನ್ನು ಮುಂಚೆ ಥರ್ಮಾಕೋಲ್‌ನಲ್ಲಿ ಕತ್ತರಿಸುತ್ತಿದ್ದೆವು. ಅಲಂಕಾರದ ಥರ್ಮಾಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ಬಾವುಟ ಎಲ್ಲವೂ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಹಾಗಾಗಿ ರಟ್ಟಿನಲ್ಲಿ ಅಕ್ಷರ ಕತ್ತರಿಸಿ ಮೇಲೆ ಕಾಫಿ ಅಂಟಿಸಿದೆ. ಒಂದು ಅಕ್ಷರಕ್ಕೆ ಹುರಿದ ಬೀಜ, ಒಂದಕ್ಕೆ ಹಸಿ ಬೀಜ, ಇನ್ನೊಂದಕ್ಕೆ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. ಹುರಿದದ್ದು ಪರಿಮಳ ಕೊಟ್ಟಿತು. ಆದರೆ ಕಪ್ಪಾಗಿ ಹುರಿದ ಬೀಜ ಎಣ್ಣೆ ಬಿಡುತ್ತದೆ, ಎರಡು ದಿನಕ್ಕೆ ಒಂದೊಂದಾಗಿ ಉದುರಿತು. ಹಸಿ ಬೀಜ ಮಳೆಯ ಗಾಳಿಗೆ ಊದಿ ಬಿಳಿಚಿಕೊಂಡಿತು. ಮಂಗಳೂರು ಕಡೆ ಕಾಫಿಯನ್ನು ಬೇಕೆಂದೇ ಮಳೆಗಾಳಿಗೆ ಹರಡಿ ಮಾನ್ಸೂನ್ಡ್ ಮಲಬಾರ್ ಅನ್ನುವ ಬಗೆಯ ಕಾಫಿ ಮಾಡುವುದು ಇದೇ ಗುಣ ನಂಬಿ. ಚೆರಿ ಒರಟಾಗಿರುವುದರಿಂದ ಫೆವಿಕಾಲನ್ನು ಚೆನ್ನಾಗಿ ಹಿಡಿಯಿತು. ಆ ಅಕ್ಷರ ಈಗಲೂ ಮಗಳ ಮೇಜಿನ ಮೇಲಿದೆ. ಮಳೆಗಾಲದಲ್ಲಿ ಫೆವಿಕಾಲ್ ಒಣಗಲು ಒಂದು ರಾತ್ರಿ ಸಾಲದು, ಬಚ್ಚಲು ಒಲೆಯ ಹತ್ತಿರ ಎರಡು ದಿನ ಇಡಿ. ಮೈದಾ ಅಂಟು ನಮ್ಮಲ್ಲಿ ಮೂರೇ ದಿನಕ್ಕೆ ಬೂಷ್ಟು ಹಿಡಿಯಿತು. ಕೆಲವರು ಅದಕ್ಕೆ ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ಮಕ್ಕಳು ಮುಟ್ಟುವ ವಸ್ತುವಿಗೆ ಬೇಡ.

ಉಡುಗೊರೆಗೂ ಮೂರು ಬಗೆ ಮಾಡಿದೆ. ಒಳಗೆ ಹಾಕಿದ್ದು ನಮ್ಮದೇ ಕಾಫಿಪುಡಿ, ಕಾಳುಮೆಣಸು, ಜೇನು. ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮಡಚಿ, ದಬ್ಬಳದಿಂದ ಹೊಲಿದ ಪೆಟ್ಟಿಗೆ ನೋಡಲು ಎಲ್ಲಕ್ಕಿಂತ ಚೆಂದ. ಆದರೆ ಪೂರ್ತಿ ಒಣಗದೆ ಒಳಗೆ ಕಪ್ಪು ಚುಕ್ಕಿ ಬಂತು, ಬೇಸಿಗೆಯಲ್ಲೇ ಮಾಡಿಟ್ಟುಕೊಳ್ಳಬೇಕು. ಕಾಫಿ ಗೋಣಿಯಿಂದ ಹೊಲಿದ ಪುಟ್ಟ ಚೀಲ ಗಟ್ಟಿ, ಖರ್ಚಿಲ್ಲ. ಕಾಳುಮೆಣಸಿಗೆ ಸರಿ. ಕಾಫಿಪುಡಿಯನ್ನು ಮಾತ್ರ ನೇರವಾಗಿ ಹಾಕಬೇಡಿ, ಗೋಣಿಯ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಮೂರನೆಯದು ಜಾಮ್ ಬಾಟಲಿ. ಕುದಿಸಿ, ಒರೆಸಿ, ಒಲೆಯ ಪಕ್ಕ ಒಣಗಿಸಿ, ಮುಚ್ಚಳದ ಮೇಲೆ ತೋರಣದಲ್ಲಿ ಉಳಿದ ಬಟ್ಟೆ ಇಟ್ಟು ಗೋಣಿ ದಾರದಲ್ಲಿ ಕಟ್ಟಿದೆ. ಕಾಫಿಪುಡಿ, ಜೇನು ಎರಡಕ್ಕೂ ಇದೇ ಸರಿ. ಚೀಟಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಹೆಸರು ತೇವಕ್ಕೆ ಹರಡಿಕೊಂಡಿತು, ಪೆನ್ಸಿಲಿನಲ್ಲಿ ಬರೆದದ್ದು ಅಳಿಯಲಿಲ್ಲ.

ಬಟ್ಟೆ ಸರದ ಹತ್ತಿ ತುಂಡುಗಳನ್ನು ಬಿಚ್ಚಿ, ಆ ಜಾಗಕ್ಕೆ ಪಾಲಿಯೆಸ್ಟರ್ ಹಾಕುವ ಕೆಲಸ ಬಾಕಿ ಇದೆ. ಜೂನ್ ಮಳೆ ಹಿಡಿಯುವ ಮುಂಚೆ ಅದನ್ನು ಮುಗಿಸಬೇಕು. ಅಡಿಕೆ ಹಾಳೆ ಹನ್ನೆರಡು ಈಗಾಗಲೇ ಅಂಗಳದ ಬಿಸಿಲಿನಲ್ಲಿ ಒಣಗುತ್ತಿವೆ.