ಸೂಜಿ ಕಲಿಯೋದು ಆನ್‌ಲೈನಲ್ಲೋ, ಮೈಸೂರಿನ ಭಾನುವಾರದ ಕ್ಲಾಸಲ್ಲೋ?

ಮಗಳು ಕಾಲೇಜು ಮುಗಿಸಿದ ವರ್ಷವೇ ನಾನು ಮತ್ತೆ ಪುಸ್ತಕ ಹಿಡಿದೆ. ಆಗ ನನಗೆ 49. ಮನೆ ಸುಂಟಿಕೊಪ್ಪದ ಹತ್ತಿರ, ಕಾಫಿ ತೋಟದೊಳಗೆ. ಅಕ್ಯುಪಂಕ್ಚರ್, ಅಂದರೆ ಮೈಗೆ ಸಣ್ಣ ಸೂಜಿ ಚುಚ್ಚಿ ಮಾಡುವ ಚೀನೀ ಚಿಕಿತ್ಸೆ, ಕಲಿಯೋಕೆ ಮೊದಲು ಆರು ತಿಂಗಳ ಆನ್‌ಲೈನ್ ಕೋರ್ಸ್ ಸೇರಿದೆ. ಆಮೇಲೆ ಒಂದು ವರ್ಷ ಭಾನುವಾರ ಬಂದರೆ ಮೈಸೂರಿನ ಬಸ್ಸು.

ಓದಿಗೆ ಆನ್‌ಲೈನೇ ಚೆನ್ನ. ಒಟ್ಟು 14 ಮೆರಿಡಿಯನ್, ಅಂದರೆ ಮೈಯಲ್ಲಿ ಶಕ್ತಿ ಹರಿಯುತ್ತದೆ ಅಂತ ಈ ಪದ್ಧತಿ ಹೇಳುವ ದಾರಿಗಳು; ಅವುಗಳ ಮೇಲೆ ಸೂಜಿ ಚುಚ್ಚುವ 361 ಬಿಂದುಗಳು. ಈ ವಯಸ್ಸಲ್ಲಿ ಒಂದು ಸಲ ಕೇಳಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ವಿಡಿಯೋ ಆದರೆ ಹತ್ತು ಸಲ ಹಿಂದೆ ಹೋಗಿ ಕೇಳಬಹುದು. ಅಡುಗೆಮನೆ ಗೋಡೆಗೆ ಚಾರ್ಟ್ ಅಂಟಿಸಿದ್ದೆ. ಕಡಂಬುಟ್ಟು ಬೇಯುವಷ್ಟರಲ್ಲಿ ಹೊಟ್ಟೆಯ ಮೆರಿಡಿಯನ್‌ನ 45 ಬಿಂದುಗಳನ್ನು ಹೇಳಿ ಮುಗಿಸುತ್ತಿದ್ದೆ. ಆದರೆ ಜುಲೈ ಬಂದರೆ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆರು ಕ್ಲಾಸು ಹಾಗೇ ಹೋದವು.

ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ಜುಸಾನ್‌ಲಿ ಎಂಬ ಬಿಂದುವಿನಿಂದ. ಮೊಣಕಾಲು ಚಿಪ್ಪಿನ ಕೆಳಗೆ, ಹೊರಬದಿಗೆ ಒಂದು ತಗ್ಗು ಸಿಗುತ್ತದೆ. ಅಲ್ಲಿಂದ ಮೂರು ತ್ಸುನ್ ಕೆಳಗೆ, ಮೂಳೆಯಿಂದ ಒಂದು ಬೆರಳು ಹೊರಗೆ ಆ ಬಿಂದು. ತ್ಸುನ್ ಅಂದರೆ ಬೆರಳಿನಿಂದ ಅಳೆಯುವ ಚೀನೀ ಅಳತೆ. ಹೆಬ್ಬೆರಳಿನ ಅಗಲ ಒಂದು ತ್ಸುನ್, ನಾಲ್ಕು ಬೆರಳು ಜೋಡಿಸಿದರೆ ಮೂರು. ಮನೆಯಲ್ಲಿ ಅತ್ತೆಯವರನ್ನು ಕೂರಿಸಿ, ನನ್ನ ನಾಲ್ಕು ಬೆರಳಿಟ್ಟು ಪೆನ್ನಲ್ಲಿ ಗುರುತು ಹಾಕಿ ಅಭ್ಯಾಸ ಮಾಡಿದ್ದೆ. ಮೈಸೂರಿನ ಮೊದಲ ದಿನ ಒಬ್ಬ ಎತ್ತರದ ಹುಡುಗನ ಕಾಲ ಮೇಲೂ ಹಾಗೇ ಬೆರಳಿಟ್ಟೆ. ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. "ಇದು ಯಾರ ಬೆರಳಿನ ಅಳತೆಯಮ್ಮಾ?" ಅಂದರು. ಅಳೆಯಬೇಕಾದದ್ದು ರೋಗಿಯ ಬೆರಳಿಂದ. ಆರು ತಿಂಗಳು ನಾನು ತಪ್ಪು ಜಾಗಕ್ಕೆ ಗುರುತು ಹಾಕಿದ್ದೆ, ಕೈ ನೋಡಿ ಹೇಳುವವರು ಯಾರೂ ಇರಲಿಲ್ಲ. ನನ್ನ ಬೆರಳನ್ನು ಸ್ವಲ್ಪ ಕೆಳಗೆ ಸರಿಸಿ ಒತ್ತಿಸಿದರು. "ಹಾಂ, ಅಲ್ಲೇ" ಅಂತ ಹುಡುಗ ಕಾಲು ಎಳೆದುಕೊಂಡ.

ಸೂಜಿಯೂ ಅಷ್ಟೇ. ಕಾಲು ಮಿಲಿಮೀಟರ್ ದಪ್ಪದ ಸೂಜಿ, ಸ್ವಲ್ಪ ಒತ್ತಿದರೆ ಬಾಗುತ್ತದೆ. ಮೊದಲು ನಮ್ಮ ಕೊಡಗಿನ ಕಿತ್ತಳೆಗೆ ಚುಚ್ಚಿ ಕಲಿತೆ, ಆಮೇಲೆ ಮೇಷ್ಟ್ರ ಮುಂದೆ ನನ್ನದೇ ಕಾಲಿಗೆ. ಸೂಜಿ ಸರಿಯಾಗಿ ಕೂತಾಗ ನೋವಲ್ಲ, ಒಂಥರಾ ಭಾರ, ಜೋಮು. ಚೀನೀಯರು ಅದಕ್ಕೆ 'ದ ಚಿ' ಅನ್ನುತ್ತಾರೆ. ಹೆಗಲ ಮೇಲಿನ ಬಿಂದುಗಳಿಗೆ ಮಾತ್ರ ನಮ್ಮನ್ನು ಬಿಡಲೇ ಇಲ್ಲ. ಅಲ್ಲಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತೂತು ಬೀಳಬಹುದು. ಇಂಥದ್ದನ್ನು ಪರದೆ ನೋಡಿ ಕಲಿಯೋದು ಬೇಡ, ದಯವಿಟ್ಟು.

ಮೈಸೂರಿಗೆ ಖರ್ಚು ಜಾಸ್ತಿ, ಆಯಾಸವೂ ಜಾಸ್ತಿ. ಜನವರಿಯಲ್ಲಿ ಕಾಫಿ ಕುಯ್ಲು ಬಿಟ್ಟು ಹೋಗೋಕೆ ಆಗಲ್ಲ, ನಾಲ್ಕು ಭಾನುವಾರ ತಪ್ಪಿತು. ಅರ್ಧ ವಯಸ್ಸಿನ ಹುಡುಗಿಯರು ನೋಟ್ಸ್ ಫೋಟೋ ತೆಗೆದು ಕಳಿಸಿದರು.

ಪ್ರಕೃತಿ ಚಿಕಿತ್ಸೆಯ ಪದವಿಯಲ್ಲೂ ಅಕ್ಯುಪಂಕ್ಚರ್ ಇದೆ. ಅದಕ್ಕೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ನನಗೆ ಆಗದ ಮಾತು, ಆದರೆ ಡಾಕ್ಟರಾಗಿ ಬೋರ್ಡ್ ಹಾಕಬೇಕು ಅನ್ನುವ ಚಿಕ್ಕವರು ಅದನ್ನೇ ನೋಡಿ. 2019ರಲ್ಲಿ ಕೇಂದ್ರ ಸರ್ಕಾರ ಅಕ್ಯುಪಂಕ್ಚರನ್ನು ಸ್ವತಂತ್ರ ಪದ್ಧತಿ ಅಂತ ಒಪ್ಪಿಕೊಂಡಿದೆ ನಿಜ. ಹಾಗಂತ ನಮ್ಮ ಸರ್ಟಿಫಿಕೇಟ್ ಹಿಡಿದು ಡಾಕ್ಟರ್ ಅಂತ ಹೇಳಿಕೊಳ್ಳುವ ಹಾಗಿಲ್ಲ.

ನನ್ನ ವಯಸ್ಸಿನವರು ಕೇಳಿದರೆ, ದುಡ್ಡು ಒಂದಕ್ಕೇ ಇದ್ದರೆ ಬಸ್ಸಿಗೇ ಹಾಕಿ ಅನ್ನುತ್ತೇನೆ. ಅತ್ತೆಯವರ ಕಾಲನ್ನು ಈಗ ಅವರ ಬೆರಳಿಂದಲೇ ಅಳೆಯುತ್ತೇನೆ. ಗುರುತು ಮೊದಲಿಗಿಂತ ಅರ್ಧ ಬೆರಳು ಮೇಲೆ ಬರುತ್ತದೆ.